ವೂಬರ್ನ್ ಪಟ್ಟಣದ ಎರಡು ಬಾವಿಗಳು

ನೆಲದ ಮೇಲೆ ಚೆಲ್ಲಿದುದನ್ನು ಭೂಮಿಯು ನುಂಗಿ ಶುದ್ಧಗೊಳಿಸುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಅದು ಪೂರ್ತಿಯಾಗಿ ಸುಳ್ಳೂ ಅಲ್ಲ. ಮಣ್ಣಿನ ಪದರಗಳ ಮೂಲಕ ಇಳಿಯುವ ಮಳೆನೀರು ತನ್ನ ಕೆಸರನ್ನೂ ರೋಗಾಣುಗಳ ಬಹುಪಾಲನ್ನೂ ದಾರಿಯಲ್ಲಿಯೇ ಬಿಟ್ಟು ಬಾವಿಯನ್ನು ಸೇರುತ್ತದೆ. ಆದುದರಿಂದಲೇ ಹರಿಯುವ ಹೊಳೆಯ ನೀರಿಗಿಂತ ಬಾವಿಯ ನೀರು ನಿರ್ಮಲವೆಂದು ಅನೇಕ ದೇಶಗಳ ಜನ ಭಾವಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಈ ನಂಬಿಕೆಯನ್ನು ಬುಡಮೇಲು ಮಾಡಿದ ಒಂದು ವಸ್ತುವರ್ಗವು ಬಳಕೆಗೆ ಬಂದಿತು. ಅವೇ ಕ್ಲೋರಿನ್ ಕೂಡಿದ ದ್ರಾವಕಗಳು. ಮಣ್ಣು ಅವುಗಳನ್ನು ಸೋಸಲಾರದು. ಕಣ್ಣಿಗೆ ಅವು ಕಾಣವು. ಹಾನಿ ಮಾಡುವಷ್ಟು ಪ್ರಮಾಣದಲ್ಲಿದ್ದರೂ ನಾಲಿಗೆಗಾಗಲಿ ಮೂಗಿಗಾಗಲಿ ತಿಳಿಯದೆ ಹೋಗುವುದುಂಟು. ಅವುಗಳನ್ನು ಕಂಡುಹಿಡಿಯುವ ವಿದ್ಯೆ ಹೇಗೆ ಬೆಳೆಯಿತು, ತೆಗೆದುಹಾಕುವ ಪ್ರಯತ್ನಗಳು ಎಷ್ಟರಮಟ್ಟಿಗೆ ಸಫಲವಾದವು ಎಂಬ ಇತಿಹಾಸದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಬರ್ನ್ ಪಟ್ಟಣಕ್ಕೆ ವಿಶೇಷ ಸ್ಥಾನವಿದೆ. ಅದು ವಿಜ್ಞಾನದ ಇತಿಹಾಸವೂ ಹೌದು, ಮನುಷ್ಯನ ಹೊಣೆಗಾರಿಕೆಯ ಇತಿಹಾಸವೂ ಹೌದು.

ದ್ರಾವಕಗಳ ಸ್ವಭಾವ

ಈ ವರ್ಗದಲ್ಲಿ ಅತ್ಯಂತ ಪ್ರಸಿದ್ಧವಾದುದು ಟ್ರೈಕ್ಲೋರೋಎಥಿಲೀನ್. ಹತ್ತೊಂಬತ್ತನೆಯ ಶತಮಾನದಲ್ಲಿಯೇ ರಸಾಯನಶಾಸ್ತ್ರಜ್ಞರು ಇದನ್ನು ತಯಾರಿಸಿದ್ದರು. ಇದು ಎಣ್ಣೆ, ಜಿಡ್ಡು, ಮೇಣಗಳನ್ನು ಕ್ಷಣಮಾತ್ರದಲ್ಲಿ ಕರಗಿಸುತ್ತದೆ. ಪೆಟ್ರೋಲಿನಂತೆ ಸುಲಭವಾಗಿ ಬೆಂಕಿ ಹಿಡಿಯುವುದಿಲ್ಲ. ಬೇಗನೆ ಆವಿಯಾಗಿ ವಸ್ತುವನ್ನು ಒಣಗಿಸಿಬಿಡುತ್ತದೆ. ಇಂತಹ ಗುಣಗಳ ಕಾರಣದಿಂದ 1920ರ ದಶಕದ ನಂತರ ಲೋಹದ ಭಾಗಗಳ ಜಿಡ್ಡು ತೆಗೆಯುವ ಕಾರ್ಖಾನೆಗಳಲ್ಲಿ ಇದು ಅನಿವಾರ್ಯವೆನಿಸಿತು. ಆಸ್ಪತ್ರೆಗಳಲ್ಲಿ ಅರಿವಳಿಕೆಯಾಗಿಯೂ, ಕಾಫಿ ಬೀಜದಿಂದ ಕೆಫೀನನ್ನು ಬೇರ್ಪಡಿಸುವುದಕ್ಕೂ ಇದನ್ನು ಬಳಸಿದ್ದುಂಟು. ಇದರ ಸೋದರ ವಸ್ತುವಾದ ಪರ್ಕ್ಲೋರೋಎಥಿಲೀನ್ ಬಟ್ಟೆಗಳ ಡ್ರೈಕ್ಲೀನಿಂಗಿಗೆ ಮುಖ್ಯ ಸಾಧನವಾಯಿತು. ಬೆಂಕಿ ಅನಾಹುತದಿಂದ ಕಾರ್ಮಿಕರನ್ನು ಕಾಪಾಡುವ ಸುರಕ್ಷಿತ ದ್ರವವೆಂದೇ ಇವುಗಳಿಗೆ ಹೆಸರು ಬಂದಿತ್ತು.

ಬಳಸಿ ಕೊಳೆಯಾದ ದ್ರಾವಕವನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಅಂದಿನ ಉತ್ತರ ಸರಳವಾಗಿತ್ತು. ಒಣ ಮರಳಿನ ಮೇಲೆ ಅಥವಾ ಬಯಲು ನೆಲದ ಮೇಲೆ ಸುರಿದರೆ ಆವಿಯಾಗಿ ಹೋಗುತ್ತದೆ ಎಂದು ಉದ್ಯಮದ ಸುರಕ್ಷತಾ ಕೈಪಿಡಿಗಳೇ ಸಲಹೆ ನೀಡುತ್ತಿದ್ದವು. ಮೇಲೆ ಉಳಿದ ಭಾಗ ಆವಿಯಾಗುತ್ತಿದ್ದುದು ನಿಜ. ಆದರೆ ಇಳಿದು ಹೋದ ಭಾಗದ ಗತಿಯನ್ನು ಯಾರೂ ವಿಚಾರಿಸಲಿಲ್ಲ.

ಆ ಗತಿಯನ್ನು ನಿರ್ಧರಿಸುವುದು ಈ ದ್ರವದ ತೂಕ. ಒಂದು ಲೀಟರ್ ಟ್ರೈಕ್ಲೋರೋಎಥಿಲೀನ್ ಸುಮಾರು 1.46 ಕಿಲೋಗ್ರಾಂ ತೂಗುತ್ತದೆ. ಎಣ್ಣೆಯಾದರೆ ನೀರಿನ ಮೇಲೆ ತೇಲುತ್ತದೆ. ಇದಾದರೋ ನೀರಿನಲ್ಲಿ ಮುಳುಗುತ್ತದೆ. ನೀರಿಗಿಂತ ತೆಳುವಾಗಿ ಹರಿಯುವುದರಿಂದ ಮರಳಿನ ಕಣಗಳ ನಡುವೆಯೂ ಬಂಡೆಯ ಬಿರುಕುಗಳಲ್ಲಿಯೂ ನುಸುಳಿ ಅಂತರ್ಜಲದ ಮಟ್ಟವನ್ನೂ ದಾಟಿ ಕೆಳಗಿಳಿಯುತ್ತದೆ. ಜೇಡಿಯ ಪದರವೊಂದು ಅಡ್ಡ ಬಂದಲ್ಲಿ ಅದರ ಮೇಲೆ ಮಡುಗಟ್ಟಿ ನಿಲ್ಲುತ್ತದೆ. ದಾರಿಯುದ್ದಕ್ಕೂ ಸಣ್ಣ ಸಣ್ಣ ಹನಿಗಳಾಗಿ ಮಣ್ಣಿನ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಲೀಟರ್ ನೀರಿನಲ್ಲಿ ಇದು ಕರಗುವುದು ಹೆಚ್ಚೆಂದರೆ ಒಂದು ಗ್ರಾಮಿಗಿಂತ ತುಸು ಹೆಚ್ಚು. ಅಷ್ಟೇ ಎಂದು ಸಮಾಧಾನಪಡುವಂತಿಲ್ಲ. ಅಮೆರಿಕದಲ್ಲಿ ಕುಡಿಯುವ ನೀರಿಗೆ ವಿಧಿಸಿರುವ ಮಿತಿ ನೂರು ಕೋಟಿ ಭಾಗಕ್ಕೆ 5 ಭಾಗ. ಈ ಲೆಕ್ಕದಲ್ಲಿ ಒಂದೇ ಒಂದು ಲೀಟರ್ ದ್ರಾವಕವು ಪೂರ್ತಿಯಾಗಿ ಕರಗಿದರೆ ಸುಮಾರು 29 ಕೋಟಿ ಲೀಟರ್ ನೀರನ್ನು ಮಿತಿಯ ಅಂಚಿಗೆ ತರಬಲ್ಲದು. ಕರಗುವಿಕೆ ನಿಧಾನವಾದುದರಿಂದ ಈ ಕೆಡುಕು ಒಂದು ದಿನದಲ್ಲಿ ಮುಗಿಯುವುದಿಲ್ಲ. ನೆಲದಡಿಯ ಮಡುವು ಹತ್ತಾರು ವರ್ಷಗಳ ಕಾಲ ತನ್ನ ಮೇಲೆ ಹರಿಯುವ ನೀರಿಗೆ ತುಸುತುಸುವೇ ವಿಷವನ್ನು ನೀಡುತ್ತಲೇ ಇರುತ್ತದೆ.

ಎಚ್ಚರಿಕೆಯ ಮಾತು ಯಾರಿಂದಲೂ ಬರಲಿಲ್ಲವೆಂದು ಹೇಳುವಂತಿಲ್ಲ. 1949ರಲ್ಲಿಯೇ ಇಂಗ್ಲೆಂಡಿನ ಲೈನ್ ಮತ್ತು ಮೆಕ್‌ಲ್ಯಾಕ್ಲನ್ ಎಂಬ ಇಬ್ಬರು ವಿಶ್ಲೇಷಕರು 'ದಿ ಅನಲಿಸ್ಟ್' ಎಂಬ ಪತ್ರಿಕೆಯಲ್ಲಿ ಬಾವಿಗಳ ನೀರಿಗೆ ಟ್ರೈಕ್ಲೋರೋಎಥಿಲೀನ್ ಸೇರಿದ ಪ್ರಸಂಗಗಳನ್ನು ವರದಿ ಮಾಡಿದರು. ಈ ಬಗೆಯ ಮಾಲಿನ್ಯ ಬಹುಕಾಲ ಉಳಿಯುವ ಸಂಭವವಿದೆ ಎಂದು ಸೂಚಿಸಿದರು. ಅದು ಚಿಕ್ಕ ಟಿಪ್ಪಣಿ. ವೃತ್ತಿಪತ್ರಿಕೆಯ ಪುಟಗಳಲ್ಲಿ ಉಳಿದುಹೋಯಿತು. ಮುಂದಿನ ಮೂವತ್ತು ವರ್ಷಗಳ ಕಾಲ ಕಾರ್ಖಾನೆಗಳು ಸುರಿಯುತ್ತಲೇ ಹೋದವು.

ಕಂಡುಹಿಡಿಯುವ ವಿದ್ಯೆ

ಹುಡುಕದ ವಸ್ತು ಸಿಗುವುದಿಲ್ಲ. 1970ರ ದಶಕದವರೆಗೆ ಸಾರ್ವಜನಿಕ ನೀರಿನ ಪರೀಕ್ಷೆಯೆಂದರೆ ಮುಖ್ಯವಾಗಿ ರೋಗಾಣುಗಳ ಪರೀಕ್ಷೆ, ಗಡಸುತನದ ಪರೀಕ್ಷೆ, ಕೆಲವು ಲವಣ ಹಾಗೂ ಲೋಹಗಳ ಪರೀಕ್ಷೆ. ಇವೆಲ್ಲದರಲ್ಲಿ ತೇರ್ಗಡೆಯಾದ ನೀರು ಶುದ್ಧವೆಂದು ಪ್ರಮಾಣಪತ್ರ ಪಡೆಯುತ್ತಿತ್ತು. ಅದರಲ್ಲಿ ದ್ರಾವಕವಿದೆಯೇ ಎಂದು ಕೇಳುವ ಪದ್ಧತಿಯೇ ಇರಲಿಲ್ಲ.

ಕೇಳುವ ಸಾಧನಗಳು ಒಂದೊಂದಾಗಿ ಸಿದ್ಧವಾಗುತ್ತಿದ್ದವು. 1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮತ್ತು ಮಾರ್ಟಿನ್ ಅನಿಲ ಕ್ರೊಮೆಟೋಗ್ರಫಿ ಎಂಬ ವಿಧಾನವನ್ನು ಪ್ರಕಟಿಸಿದರು. ಮಿಶ್ರಣವನ್ನು ಆವಿಯಾಗಿಸಿ ಉದ್ದನೆಯ ನಾಳದ ಮೂಲಕ ಸಾಗಿಸಿದರೆ ಒಂದೊಂದು ವಸ್ತುವೂ ತನ್ನದೇ ವೇಗದಲ್ಲಿ ಚಲಿಸಿ ತನ್ನದೇ ಕಾಲಕ್ಕೆ ಹೊರಬರುತ್ತದೆ. 1957ರಲ್ಲಿ ಜೇಮ್ಸ್ ಲವ್‌ಲಾಕ್ ರೂಪಿಸಿದ ಎಲೆಕ್ಟ್ರಾನ್ ಗ್ರಾಹಕವು ಕ್ಲೋರಿನ್ ಇರುವ ವಸ್ತುಗಳನ್ನು ಅತ್ಯಂತ ಸೂಕ್ಷ್ಮ ಪ್ರಮಾಣದಲ್ಲಿಯೂ ಗುರುತಿಸಬಲ್ಲದಾಗಿತ್ತು. ಆದರೂ ಒಂದು ತೊಡಕು ಉಳಿದಿತ್ತು. ನೀರಿನಲ್ಲಿ ನೂರು ಕೋಟಿಗೆ ಕೆಲವೇ ಭಾಗವಾಗಿ ಅಡಗಿರುವ ವಸ್ತುವನ್ನು ಆ ನೀರಿನಿಂದ ಬಿಡಿಸಿ ಒಂದೆಡೆ ಕೂಡಿಸುವುದು ಹೇಗೆ? 1974ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಿನ್ಸಿನಾಟಿ ಪ್ರಯೋಗಾಲಯದ ಬೆಲ್ಲರ್ ಮತ್ತು ಲಿಕ್ಟನ್‌ಬರ್ಗ್ ಇದಕ್ಕೊಂದು ಜಾಣ ಉಪಾಯವನ್ನು ಪ್ರಕಟಿಸಿದರು. ನೀರಿನ ಮಾದರಿಯ ಮೂಲಕ ಜಡ ಅನಿಲದ ಗುಳ್ಳೆಗಳನ್ನು ಹಾಯಿಸಬೇಕು. ದ್ರಾವಕಗಳಿಗೆ ನೀರಿಗಿಂತ ಗಾಳಿಯ ಸಂಗವೇ ಪ್ರಿಯ. ಅವು ಗುಳ್ಳೆಗಳೊಡನೆ ಹೊರಬರುತ್ತವೆ. ಹಾಗೆ ಬಂದುದನ್ನು ಹೀರಿಕೊಳ್ಳುವ ಪುಡಿ ತುಂಬಿದ ಕೊಳವೆಯಲ್ಲಿ ಹಿಡಿದು, ಬಳಿಕ ಕೊಳವೆಯನ್ನು ಕಾಯಿಸಿ, ಬಿಡುಗಡೆಯಾದ ಆವಿಯನ್ನು ಕ್ರೊಮೆಟೋಗ್ರಾಫಿಗೆ ಕಳುಹಿಸಬೇಕು.

ಅದೇ ವರ್ಷ ನೆದರ್ಲೆಂಡಿನ ರಾಟರ್‌ಡ್ಯಾಮಿನಲ್ಲಿ ರೂಕ್ ಎಂಬ ರಸಾಯನಶಾಸ್ತ್ರಜ್ಞರು ಕ್ಲೋರಿನ್ ಹಾಕಿದ ಕುಡಿಯುವ ನೀರಿನಲ್ಲಿ ಕ್ಲೋರೋಫಾರಂ ಉಂಟಾಗುವುದನ್ನು ತೋರಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕವು ಸುರಕ್ಷಿತ ಕುಡಿಯುವ ನೀರಿನ ಕಾಯಿದೆಯನ್ನು ಅಂಗೀಕರಿಸಿತು. ಕಾಣದಿದ್ದುದು ಕಾಣಲು ಆರಂಭವಾಯಿತು. ಆದರೆ ಕಣ್ಣಿರುವುದು ಬೇರೆ, ನೋಡುವ ಮನಸ್ಸು ಬೇರೆ. ಎರಡರ ನಡುವಣ ಅಂತರವನ್ನು ವೂಬರ್ನ್ ಪಟ್ಟಣದ ಕಥೆ ತೋರಿಸುತ್ತದೆ.

ಜಿ ಮತ್ತು ಎಚ್

ವೂಬರ್ನ್ ಇರುವುದು ಬಾಸ್ಟನ್ ನಗರದ ಉತ್ತರಕ್ಕೆ, ಸುಮಾರು 16 ಕಿಲೋಮೀಟರ್ ದೂರದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಚರ್ಮ ಹದಮಾಡುವ ಉದ್ಯಮಕ್ಕೆ ಅದು ಹೆಸರಾಗಿತ್ತು. ಊರಿನ ಪೂರ್ವಭಾಗದಲ್ಲಿ ಅಬರ್‌ಜೋನಾ ಎಂಬ ಕಿರುನದಿ ಜೌಗು ನೆಲದ ನಡುವೆ ಹರಿಯುತ್ತದೆ. ಜನಸಂಖ್ಯೆ ಏರಿ ನೀರಿನ ಅಗತ್ಯ ಹೆಚ್ಚಿದಾಗ ಪಟ್ಟಣದ ಆಡಳಿತವು ಈ ಕಣಿವೆಯಲ್ಲಿ 1964ರಲ್ಲಿ 'ಜಿ' ಎಂಬ ಬಾವಿಯನ್ನೂ 1967ರಲ್ಲಿ 'ಎಚ್' ಎಂಬ ಬಾವಿಯನ್ನೂ ಕೊರೆಯಿಸಿತು. ಸುತ್ತಲೂ ಕಾರ್ಖಾನೆಗಳಿದ್ದವು.

ಬಾವಿಗಳ ನೀರು ಪೂರ್ವ ವೂಬರ್ನಿನ ಮನೆಗಳಿಗೆ ಹರಿಯತೊಡಗಿದಾಗಿನಿಂದಲೇ ದೂರುಗಳು ಬಂದವು. ನೀರಿಗೆ ಕೆಟ್ಟ ವಾಸನೆ, ಒಗರು ರುಚಿ. ಪಾತ್ರೆಗಳಿಗೂ ಕೊಳಾಯಿಗಳಿಗೂ ಕಲೆ. ಅಧಿಕಾರಿಗಳು ಪರೀಕ್ಷಿಸಿದರು, ರೋಗಾಣುಗಳ ನಿವಾರಣೆಗೆ ಕ್ಲೋರಿನ್ ಹಾಕಿಸಿದರು, ನೀರು ಕುಡಿಯಲು ಯೋಗ್ಯವಾಗಿದೆ ಎಂದರು. ಅವರು ಸುಳ್ಳು ಹೇಳಿದರೆಂದು ಭಾವಿಸಬೇಕಾಗಿಲ್ಲ. ತಾವು ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನೇ ಅವರು ಹೇಳಿದರು. ಜನರು ಕೇಳುತ್ತಿದ್ದ ಪ್ರಶ್ನೆ ಬೇರೆಯಾಗಿತ್ತು.

1972ರಲ್ಲಿ ಆನ್ ಆಂಡರ್ಸನ್ ಎಂಬ ಗೃಹಿಣಿಯ ಕಿರಿಯ ಮಗನಿಗೆ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಆಸ್ಪತ್ರೆಯಲ್ಲಿಯೂ ಅಂಗಡಿಬೀದಿಯಲ್ಲಿಯೂ ಇದೇ ವ್ಯಾಧಿಯ ಮಕ್ಕಳ ತಾಯಂದಿರು ಆಕೆಗೆ ಎದುರಾಗುತ್ತಿದ್ದರು. ಅವರಲ್ಲಿ ಹಲವರು ತಮ್ಮ ಕೇರಿಯವರೇ ಆಗಿದ್ದರು. ಇದು ಅಪರೂಪದ ವ್ಯಾಧಿ. ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟು ಮಕ್ಕಳಿಗೆ ಬರಲು ಕಾರಣವೇನು? ಎಲ್ಲರಿಗೂ ಸಮಾನವಾದುದು ಗಾಳಿ ಮತ್ತು ನೀರು ಮಾತ್ರ ಎಂದು ಆಕೆ ತರ್ಕಿಸಿದರು. ವೈದ್ಯರು ಒಪ್ಪಲಿಲ್ಲ, ಮನೆಯವರೂ ಒಪ್ಪಲಿಲ್ಲ. ದುಃಖದಲ್ಲಿರುವ ತಾಯಿಯ ಕಲ್ಪನೆಯೆಂದೇ ಅನೇಕರು ತಿಳಿದರು.

1979ರ ಮೇ ತಿಂಗಳಿನಲ್ಲಿ ಅಬರ್‌ಜೋನಾ ನದಿಯ ಸಮೀಪದ ಬಯಲಿನಲ್ಲಿ ಯಾರೋ ಎಸೆದುಹೋಗಿದ್ದ 184 ಪೀಪಾಯಿಗಳು ಪತ್ತೆಯಾದವು. ಅವುಗಳಿಂದ ಬಾವಿಗಳಿಗೆ ಅಪಾಯವಾಗಿದೆಯೇ ಎಂದು ತಿಳಿಯಲು ರಾಜ್ಯದ ಅಧಿಕಾರಿಗಳು ನೀರಿನ ಮಾದರಿಗಳನ್ನು ಹೊಸ ವಿಧಾನದಿಂದ ಪರೀಕ್ಷೆಗೆ ಒಳಪಡಿಸಿದರು. ಜಿ ಬಾವಿಯ ನೀರಿನಲ್ಲಿ ಟ್ರೈಕ್ಲೋರೋಎಥಿಲೀನ್ ನೂರು ಕೋಟಿಗೆ 267 ಭಾಗವಿದ್ದಿತು. ಪರ್ಕ್ಲೋರೋಎಥಿಲೀನ್ 21 ಭಾಗವಿದ್ದಿತು. ಮೇ 22ರಂದು ಎರಡೂ ಬಾವಿಗಳನ್ನು ಮುಚ್ಚಲಾಯಿತು. ಆಮೇಲೆ ತಿಳಿದ ಸಂಗತಿ ಇನ್ನೂ ವಿಚಿತ್ರವಾದುದು. ಆ ಪೀಪಾಯಿಗಳಿಂದ ಬಾವಿ ಕೆಟ್ಟಿರಲಿಲ್ಲ. ಕೆಡುಕಿನ ಮೂಲ ಬೇರೆಡೆ ಇತ್ತು. ಯಾವುದೋ ಪೀಪಾಯಿ ಕಾಣಿಸಿದುದರಿಂದ ನೀರನ್ನು ಪರೀಕ್ಷಿಸಿದರು. ಪರೀಕ್ಷಿಸಿದುದರಿಂದ ಸತ್ಯ ಹೊರಬಿದ್ದಿತು. ಹದಿನೈದು ವರ್ಷಗಳ ಜನರ ದೂರು ಮಾಡಲಾಗದುದನ್ನು ಒಂದು ಆಕಸ್ಮಿಕ ಮಾಡಿತು.

ಅಂದು ಈ ದ್ರಾವಕಗಳಿಗೆ ಕಾನೂನಿನ ಮಿತಿಯೇ ಇರಲಿಲ್ಲ. ನೂರು ಕೋಟಿಗೆ 5 ಭಾಗವೆಂಬ ಮಿತಿ ಟ್ರೈಕ್ಲೋರೋಎಥಿಲೀನಿಗೆ ನಿಗದಿಯಾದುದು 1987ರಲ್ಲಿ. ಆ ಅಳತೆಯಲ್ಲಿ ಜಿ ಬಾವಿಯ ನೀರು ಮಿತಿಯ ಐವತ್ತು ಪಟ್ಟನ್ನೂ ಮೀರಿತ್ತು. ಇಂತಹ ನೀರನ್ನು ಬಟ್ಟೆಯಲ್ಲಿ ಸೋಸಿದರೆ ಪ್ರಯೋಜನವಿಲ್ಲ. ಕುದಿಸಿದರೆ ದ್ರಾವಕವು ಹಬೆಯೊಡನೆ ಮನೆಯ ಗಾಳಿಯನ್ನು ಸೇರುತ್ತದೆ. ಬಿಸಿನೀರಿನ ಸ್ನಾನದಲ್ಲಿಯೂ ಉಸಿರಿನ ಮೂಲಕ ಅದು ದೇಹವನ್ನು ಪ್ರವೇಶಿಸುತ್ತದೆ. ನೀರನ್ನು ಶೋಧಿಸಿ ಕುಡಿಯುವ ಗೃಹಸ್ಥನ ಎಚ್ಚರವೂ ಇಲ್ಲಿ ಸೋಲುತ್ತದೆ, ಎಚ್ಚರವಿರಬೇಕಾದುದು ಸುರಿಯುವವನಲ್ಲಿ.

ಲೆಕ್ಕ ಮತ್ತು ಸಾಕ್ಷ್ಯ

1979ರ ಅಕ್ಟೋಬರಿನಲ್ಲಿ ಸ್ಥಳೀಯ ಪಾದ್ರಿ ಬ್ರೂಸ್ ಯಂಗ್ ಮತ್ತು ಆನ್ ಆಂಡರ್ಸನ್ ಊರಿನ ಪತ್ರಿಕೆಯ ಮೂಲಕ ರಕ್ತದ ಕ್ಯಾನ್ಸರ್ ಪೀಡಿತ ಮಕ್ಕಳ ಕುಟುಂಬಗಳನ್ನು ಸಭೆಗೆ ಕರೆದರು. ಆಕೆಯ ಮಾತನ್ನು ಮೊದಲು ನಂಬದಿದ್ದ ಪಾದ್ರಿಗಳು ಬಂದ ಕುಟುಂಬಗಳ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ ಗುರುತುಗಳು ಪೂರ್ವ ವೂಬರ್ನಿನಲ್ಲಿ ಒತ್ತೊತ್ತಾಗಿ ಬಿದ್ದವು. 1981ರ ಜನವರಿಯಲ್ಲಿ ಸರ್ಕಾರದ ಆರೋಗ್ಯ ಇಲಾಖೆಗಳ ವರದಿ ಹೊರಬಂದಿತು. 1969ರಿಂದ 1979ರವರೆಗೆ ಪಟ್ಟಣದ ಮಕ್ಕಳಲ್ಲಿ ಸಾಮಾನ್ಯವಾಗಿ 5.3ರಷ್ಟು ಪ್ರಕರಣಗಳನ್ನು ನಿರೀಕ್ಷಿಸಬಹುದಾಗಿದ್ದಲ್ಲಿ 12 ಪ್ರಕರಣಗಳು ಕಂಡುಬಂದಿದ್ದವು. ಅವುಗಳಲ್ಲಿ 6 ಒಂದೇ ಚಿಕ್ಕ ಪ್ರದೇಶದವು. ಆದರೆ ನೀರೇ ಕಾರಣವೆಂದು ವರದಿ ಹೇಳಲಿಲ್ಲ. ಹೇಳಲು ಸಾಧ್ಯವೂ ಇರಲಿಲ್ಲ. 1979ಕ್ಕೆ ಹಿಂದಿನ ವರ್ಷಗಳಲ್ಲಿ ಆ ನೀರಿನಲ್ಲಿ ಏನಿತ್ತೆಂಬ ದಾಖಲೆಯೇ ಇರಲಿಲ್ಲವಷ್ಟೆ. ಆ ವರದಿ ಬಂದ ತಿಂಗಳಿನಲ್ಲಿಯೇ ಆಂಡರ್ಸನ್ನರ ಮಗ ತೀರಿಕೊಂಡನು.

ದಾಖಲೆಯ ಕೊರತೆಯನ್ನು ತುಂಬಲು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಖ್ಯಾಶಾಸ್ತ್ರಜ್ಞರಾದ ಲಗಾಕೋಸ್, ವೆಸೆನ್ ಮತ್ತು ಝೆಲೆನ್ ಮುಂದಾದರು. ಸ್ವಯಂಸೇವಕರು ದೂರವಾಣಿಯ ಮೂಲಕ ಸುಮಾರು 5,000 ಮನೆಗಳಿಂದ ಗರ್ಭಧಾರಣೆ, ಶಿಶುಮರಣ, ಮಕ್ಕಳ ವ್ಯಾಧಿಗಳ ವಿವರಗಳನ್ನು ಸಂಗ್ರಹಿಸಿದರು. ಯಾವ ವರ್ಷ ಯಾವ ಬೀದಿಗೆ ಈ ಎರಡು ಬಾವಿಗಳ ನೀರು ಎಷ್ಟು ಪಾಲು ಹೋಗುತ್ತಿತ್ತು ಎಂಬ ಅಂದಾಜಿನೊಡನೆ ಆ ವಿವರಗಳನ್ನು ಹೋಲಿಸಲಾಯಿತು. 1984ರಲ್ಲಿ ಬಹಿರಂಗವಾಗಿ 1986ರಲ್ಲಿ ಪ್ರಕಟವಾದ ಈ ಅಧ್ಯಯನವು ಬಾವಿಗಳ ನೀರಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೂ ಸಂಬಂಧವಿರುವ ಸೂಚನೆ ಕಂಡಿತು. ಸಂದರ್ಶಿಸಿದವರೂ ಉತ್ತರಿಸಿದವರೂ ಊರಿನವರೇ ಆದುದರಿಂದ ಪಕ್ಷಪಾತ ನುಸುಳಿರಬಹುದೆಂದು ಇತರ ವಿದ್ವಾಂಸರು ಆಕ್ಷೇಪಿಸಿದರು. ಬಳಿಕ ರಾಜ್ಯದ ಆರೋಗ್ಯ ಇಲಾಖೆ ನಡೆಸಿದ ಇನ್ನೊಂದು ಅಧ್ಯಯನವು, ತಾಯಿ ಗರ್ಭಿಣಿಯಾಗಿದ್ದಾಗ ಈ ನೀರನ್ನು ಬಳಸಿದ ಪ್ರಮಾಣ ಹೆಚ್ಚಿದಂತೆ ಮಗುವಿಗೆ ವ್ಯಾಧಿಯ ಸಂಭವವೂ ಹೆಚ್ಚಿದುದನ್ನು ತೋರಿಸಿತು. ಪ್ರಕರಣಗಳ ಸಂಖ್ಯೆ ಚಿಕ್ಕದು. ಆದುದರಿಂದ ನಿರ್ಣಯವನ್ನು ಎಚ್ಚರಿಕೆಯಿಂದಲೇ ಹೇಳಬೇಕಾಯಿತು. ಟ್ರೈಕ್ಲೋರೋಎಥಿಲೀನ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತು ಎಂದು ಅಮೆರಿಕದ ಪರಿಸರ ಸಂಸ್ಥೆ ನಿರ್ಣಯಿಸಿದುದು 2011ರಲ್ಲಿ.

1982ರಲ್ಲಿ ಎಂಟು ಕುಟುಂಬಗಳು ಸೇರಿ ಡಬ್ಲ್ಯು. ಆರ್. ಗ್ರೇಸ್ ಮತ್ತು ಬಿಯಾಟ್ರಿಸ್ ಫುಡ್ಸ್ ಎಂಬ ಎರಡು ದೊಡ್ಡ ಸಂಸ್ಥೆಗಳ ಮೇಲೆ ದಾವೆ ಹೂಡಿದವು. ಗ್ರೇಸ್ ಕಾರ್ಖಾನೆಯ ಹಿಂದಿನ ನೆಲದಲ್ಲಿ ಬಳಸಿದ ದ್ರಾವಕವನ್ನು ಸುರಿದ ಹಾಗೂ ಪೀಪಾಯಿಗಳನ್ನು ಹೂತ ಸಂಗತಿಗಳು ಹೊರಬಂದವು. ಬಿಯಾಟ್ರಿಸ್ ಸಂಸ್ಥೆಯ ಹೊಣೆಗೆ ಸೇರಿದ್ದುದು ನದಿಯ ಆಚೆಗಿನ ಚರ್ಮದ ಕಾರ್ಖಾನೆಯೊಂದರ ಪಕ್ಕದ 15 ಎಕರೆ ನೆಲ. ನದಿ ನಡುವೆ ಇರುವಾಗ ಆಚೆಗಿನ ನೆಲದ ಕೊಳೆ ಈಚೆಗಿನ ಬಾವಿಗೆ ಬರುವುದೆಂತು ಎಂಬುದು ವಾದದ ಕೇಂದ್ರವಾಯಿತು. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯು 1985ರ ಡಿಸೆಂಬರಿನಲ್ಲಿ ಎರಡೂ ಬಾವಿಗಳ ಪಂಪುಗಳನ್ನು ಮತ್ತೆ ಚಾಲನೆ ಮಾಡಿ 30 ದಿನ ಎಡೆಬಿಡದೆ ನೀರೆತ್ತಿ, ಸುತ್ತಲೂ ನೆಟ್ಟ ವೀಕ್ಷಣಾ ಕೊಳವೆಗಳಲ್ಲಿ ನೀರಿನ ಮಟ್ಟವನ್ನು ಅಳೆಯಿತು. ನದಿಯ ಎರಡೂ ದಡಗಳಲ್ಲಿ ಅಂತರ್ಜಲದ ಮಟ್ಟ ಕುಸಿಯಿತು. ನದಿಯ ನೀರು ಕೂಡ ಬಾವಿಯ ಕಡೆಗೆ ಇಂಗಿತು. ಮೇಲೆ ಹರಿಯುವ ನದಿ ನೆಲದಡಿಯ ನೀರಿಗೆ ಗಡಿಯಾಗಿರಲಿಲ್ಲ. ಭೂಮಿಯ ಮೇಲೆ ಎಳೆದ ಆಸ್ತಿಯ ಗೆರೆಗಳೂ ಅದಕ್ಕೆ ಗಡಿಯಲ್ಲ.

ಆದರೂ 1986ರ ಜುಲೈ 28ರಂದು ಜ್ಯೂರಿಯು ಬಿಯಾಟ್ರಿಸ್ ಹೊಣೆಯಲ್ಲವೆಂದಿತು, ಗ್ರೇಸ್ ಹೊಣೆಯೆಂದಿತು. ಜ್ಯೂರಿಗೆ ಕೊಟ್ಟ ಪ್ರಶ್ನೆಗಳು ಎಷ್ಟು ಜಟಿಲವಾಗಿದ್ದವೆಂದರೆ ಅವುಗಳಿಗೆ ಬಂದ ಉತ್ತರಗಳಲ್ಲಿಯೇ ಪರಸ್ಪರ ವಿರೋಧ ಕಾಣಿಸಿತು. ನ್ಯಾಯಾಧೀಶರು ಮರುವಿಚಾರಣೆಗೆ ಒಲವು ತೋರಿದರು. ಅಷ್ಟರಲ್ಲಿ ಗ್ರೇಸ್ ಸಂಸ್ಥೆ 80 ಲಕ್ಷ ಡಾಲರ್ ನೀಡಿ ರಾಜಿ ಮಾಡಿಕೊಂಡಿತು. ಎರಡು ವರ್ಷಗಳ ಬಳಿಕ, 1988ರಲ್ಲಿ, ಪರಿಸರ ಸಂಸ್ಥೆಗೆ ಸುಳ್ಳು ಹೇಳಿಕೆ ನೀಡಿದ ಅಪರಾಧವನ್ನು ಅದೇ ಸಂಸ್ಥೆ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ದಂಡದ ಮೊತ್ತ 10,000 ಡಾಲರ್. ಜೋನಾಥನ್ ಹಾರ್ ಅವರು ಈ ಮೊಕದ್ದಮೆಯನ್ನು ಕುರಿತು ಬರೆದ ಪುಸ್ತಕ 1995ರಲ್ಲಿ ಪ್ರಕಟವಾಗಿ, 1998ರಲ್ಲಿ ಚಲನಚಿತ್ರವೂ ಆಯಿತು.

ತೊಳೆಯುವ ಪ್ರಯತ್ನ

ನ್ಯಾಯಾಲಯದಲ್ಲಿ ನಿಲ್ಲದ ಹೊಣೆ ಇನ್ನೊಂದು ಕಾನೂನಿನಡಿ ನಿಂತಿತು. ನ್ಯೂಯಾರ್ಕ್ ರಾಜ್ಯದ ಲವ್ ಕೆನಾಲ್ ಪ್ರಕರಣದ ಹಿನ್ನೆಲೆಯಲ್ಲಿ 1980ರ ಡಿಸೆಂಬರಿನಲ್ಲಿ ಅಮೆರಿಕ 'ಸೂಪರ್‌ಫಂಡ್' ಎಂಬ ಕಾಯಿದೆಯನ್ನು ತಂದಿತ್ತು. ಈ ಕಾಯಿದೆಯ ವಿಶೇಷವೆಂದರೆ ಅಲಕ್ಷ್ಯವನ್ನು ಸಿದ್ಧಪಡಿಸಬೇಕಾಗಿಲ್ಲ. ಕಲುಷಿತ ನೆಲದ ಒಡೆಯನಾಗಿದ್ದರೆ, ಅಥವಾ ತ್ಯಾಜ್ಯ ಅವನದಾಗಿದ್ದರೆ ಸಾಕು; ಶುಚಿಗೊಳಿಸುವ ವೆಚ್ಚಕ್ಕೆ ಅವನು ಬಾಧ್ಯ. ವೂಬರ್ನಿನ ಬಾವಿಗಳ ಪ್ರದೇಶ 1983ರಲ್ಲಿ ಆ ಪಟ್ಟಿಗೆ ಸೇರಿತು. 1991ರ ಒಪ್ಪಂದದಂತೆ ಗ್ರೇಸ್, ಬಿಯಾಟ್ರಿಸ್ ಮತ್ತಿತರ ಸಂಸ್ಥೆಗಳು ಸುಮಾರು 7 ಕೋಟಿ ಡಾಲರಿನ ಶುದ್ಧೀಕರಣದ ಹೊರೆಯನ್ನು ಹೊತ್ತವು. ಜ್ಯೂರಿ ಬಿಡುಗಡೆ ಮಾಡಿದ್ದ ಸಂಸ್ಥೆಯೂ ತನ್ನ ಪಾಲಿನ ನೆಲವನ್ನು ತೊಳೆಯಬೇಕಾಯಿತು.

ತೊಳೆಯುವ ಮೊದಲ ವಿಧಾನ ನೀರನ್ನು ಮೇಲೆತ್ತಿ ಶುದ್ಧಗೊಳಿಸುವುದು. ಎತ್ತಿದ ನೀರನ್ನು ಎತ್ತರದ ಗೋಪುರದ ಮೇಲಿಂದ ಹನಿಹನಿಯಾಗಿ ಸುರಿಸಿ ಕೆಳಗಿನಿಂದ ಗಾಳಿ ಊದಿದರೆ ದ್ರಾವಕವು ಗಾಳಿಗೆ ಬರುತ್ತದೆ. ಅಥವಾ ನೀರನ್ನು ಸಕ್ರಿಯ ಇದ್ದಿಲಿನ ಮೂಲಕ ಹಾಯಿಸಿದರೆ ಇದ್ದಿಲು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಬಂದ ನೀರನ್ನು ಶುದ್ಧಗೊಳಿಸುವುದು ಹೀಗೆ ಸುಲಭವೇ. ಕಠಿನವಾದುದು ಕೆಳಗೆ ಉಳಿದುದನ್ನು ತರುವುದು. ಜರ್ಮನಿಯ ಫ್ರೀಡ್ರಿಕ್ ಶ್ವಿಲ್ಲೆ ಗಾಜಿನ ತೊಟ್ಟಿಗಳಲ್ಲಿ ಮರಳು ತುಂಬಿ ಬಣ್ಣದ ದ್ರಾವಕವನ್ನು ಸುರಿದು ಅದು ಇಳಿಯುವ ಬಗೆಯನ್ನು ಅಭ್ಯಸಿಸಿದ್ದರು. ಅವರ ಗ್ರಂಥ 1988ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ನೆಲದಡಿಯ ಮಡುಗಳ ಚಿತ್ರ ಎಲ್ಲರಿಗೂ ಸ್ಪಷ್ಟವಾಯಿತು. 1989ರಲ್ಲಿ ಮೆಕೇ ಮತ್ತು ಚೆರಿ ಎಂಬ ವಿಜ್ಞಾನಿಗಳು ನೀರೆತ್ತುವ ವಿಧಾನದಿಂದ ಕಲುಷಿತ ನೀರು ಹರಡದಂತೆ ತಡೆಯಬಹುದೇ ಹೊರತು ನೆಲವನ್ನು ಪೂರ್ತಿ ಶುದ್ಧಗೊಳಿಸುವುದು ದುಸ್ತರವೆಂದು ವಾದಿಸಿದರು. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿ ಇಂತಹ 77 ಸ್ಥಳಗಳನ್ನು ಪರಿಶೀಲಿಸಿದಾಗ ಗುರಿ ಮುಟ್ಟಿದಂತೆ ಕಂಡವು 8 ಮಾತ್ರ.

ಈ ಸೋಲಿನಿಂದಲೇ ಹೊಸ ಮಾರ್ಗಗಳು ಹುಟ್ಟಿದವು. ಒಣಮಣ್ಣಿನಲ್ಲಿ ಸಿಕ್ಕ ದ್ರಾವಕದ ಆವಿಯನ್ನು ಕೊಳವೆಗಳ ಮೂಲಕ ಹೀರುವುದು ಒಂದು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದಲ್ಲಿ ಆದ ಶೋಧವು ಇನ್ನೂ ಸ್ವಾರಸ್ಯಕರವಾದುದು. ನೀರಿನ ಮಾದರಿ ತೆಗೆಯುವ ಕೊಳವೆಗಳಿಗೆ ಯಾವ ಸಾಮಗ್ರಿ ಯೋಗ್ಯವೆಂದು ಪರೀಕ್ಷಿಸುವಾಗ ಕೆಲವು ಲೋಹಗಳ ಸ್ಪರ್ಶದಿಂದ ದ್ರಾವಕ ಕ್ರಮೇಣ ಮಾಯವಾಗುತ್ತಿರುವುದು ಕಂಡಿತು. ಪರೀಕ್ಷೆಯ ದೋಷವೆಂದು ತಳ್ಳಿಹಾಕಬಹುದಾಗಿದ್ದ ಈ ಸಂಗತಿಯನ್ನು ರಾಬರ್ಟ್ ಗಿಲ್‌ಹ್ಯಾಮ್ ಮತ್ತು ಸಂಗಡಿಗರು ಬೆನ್ನುಹತ್ತಿದರು. ಕಬ್ಬಿಣ ತುಕ್ಕು ಹಿಡಿಯುವಾಗ ಬಿಟ್ಟುಕೊಡುವ ಎಲೆಕ್ಟ್ರಾನುಗಳು ದ್ರಾವಕದ ಕ್ಲೋರಿನ್ನನ್ನು ಕಳಚುತ್ತವೆ ಎಂದು ತಿಳಿಯಿತು. ನೆಲದಲ್ಲಿ ಕಂದಕ ತೋಡಿ ಕಬ್ಬಿಣದ ಚೂರುಗಳನ್ನು ತುಂಬಿದರೆ ಅಂತರ್ಜಲವು ತಾನಾಗಿ ಅದರ ಮೂಲಕ ಹರಿದು ಶುದ್ಧವಾಗಿ ಆಚೆಗೆ ಹೋಗುತ್ತದೆ. 1991ರಲ್ಲಿ ಕೆನಡಾದ ಬೋರ್ಡನ್ನಿನಲ್ಲಿ ಪ್ರಯೋಗಾರ್ಥವಾಗಿ ಇಂತಹ ಗೋಡೆ ನಿರ್ಮಾಣವಾಯಿತು. 1990ರ ದಶಕದ ನಡುವೆ ಕ್ಯಾಲಿಫೋರ್ನಿಯದ ಸನ್ನಿವೇಲ್‌ನಲ್ಲಿ ಅದು ಬಳಕೆಗೆ ಬಂದಿತು.

ಮೂರನೆಯ ಮಾರ್ಗ ಸೂಕ್ಷ್ಮಜೀವಿಗಳದು. ಆಮ್ಲಜನಕವಿಲ್ಲದ ಮಣ್ಣಿನಲ್ಲಿ ಕೆಲವು ಜೀವಾಣುಗಳು ದ್ರಾವಕದ ಕ್ಲೋರಿನ್ ಪರಮಾಣುಗಳನ್ನು ಒಂದೊಂದಾಗಿ ತೆಗೆಯುತ್ತವೆ. ಆದರೆ ಕ್ರಿಯೆ ಅರ್ಧಕ್ಕೆ ನಿಂತರೆ ವಿನೈಲ್ ಕ್ಲೋರೈಡ್ ಉಳಿಯುತ್ತದೆ; ಅದು ಮೂಲ ವಸ್ತುವಿಗಿಂತಲೂ ಹೆಚ್ಚು ಹಾನಿಕರ. ಕೊನೆಯವರೆಗೆ ಸಾಗಿ ನಿರಪಾಯಕರವಾದ ಎಥಿಲೀನನ್ನು ಮಾತ್ರ ಉಳಿಸಬಲ್ಲ ಜೀವಾಣುವೊಂದನ್ನು ಕಾರ್ನೆಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಅದೇ ಊರಾದ ಇಥಕಾದ ಚರಂಡಿನೀರಿನ ಶುದ್ಧೀಕರಣ ಘಟಕದಿಂದ ಪಡೆದು ಬೇರ್ಪಡಿಸಿ 1997ರಲ್ಲಿ ಪ್ರಕಟಿಸಿದರು. 'ಡಿಹ್ಯಾಲೋಕೊಕಾಯ್ಡಿಸ್' ಎಂಬುದು ಅದರ ಕುಲದ ಹೆಸರು. ಮನುಷ್ಯನು ಕಣ್ಣಿಗೆ ಕಾಣದಂತೆ ಹುದುಗಿಸಿದುದನ್ನು ಕಣ್ಣಿಗೆ ಕಾಣದ ಜೀವಿಯೊಂದು ಬಿಡಿಸಬೇಕಾಗಿ ಬಂದುದು ಚಿಂತನೀಯವಾದ ವಿಷಯ.

ವೂಬರ್ನಿನಲ್ಲಿ 1992ರಿಂದ ನೀರೆತ್ತಿ ಶುದ್ಧಗೊಳಿಸುವ ಯಂತ್ರಗಳು ಕೆಲಸ ಮಾಡತೊಡಗಿದವು. ಮೂವತ್ತು ವರ್ಷ ಕಳೆದರೂ ಆ ಕಾರ್ಯ ಮುಗಿಯಲಿಲ್ಲ. ಜಿ ಮತ್ತು ಎಚ್ ಬಾವಿಗಳನ್ನು ಕುಡಿಯುವ ನೀರಿಗಾಗಿ ಮತ್ತೆ ತೆರೆಯಲಿಲ್ಲ. ಅಮೆರಿಕದ ಪರಿಸರ ಸಂಸ್ಥೆ ಟ್ರೈಕ್ಲೋರೋಎಥಿಲೀನಿನ ಬಳಕೆಯನ್ನು ಹಂತಹಂತವಾಗಿ ನಿಷೇಧಿಸುವ ನಿಯಮವನ್ನು 2024ರ ಡಿಸೆಂಬರಿನಲ್ಲಿ ಹೊರಡಿಸಿತು; ಕೂಡಲೇ ಅದು ನ್ಯಾಯಾಲಯದ ವಿಚಾರಣೆಗೂ ಒಳಗಾಯಿತು. ಲೈನ್ ಮತ್ತು ಮೆಕ್‌ಲ್ಯಾಕ್ಲನ್ ಬರೆದ ಟಿಪ್ಪಣಿಗೂ ಈ ನಿಯಮಕ್ಕೂ ನಡುವೆ 75 ವರ್ಷಗಳು ಕಳೆದಿದ್ದವು.

ಇತಿಹಾಸದ ಪಾಠ

ವೂಬರ್ನಿನ ಇತಿಹಾಸದಲ್ಲಿ ಮಕ್ಕಳಿಗೆ ಕೇಡಾಗಲೆಂದು ಬಯಸಿದವರು ಯಾರೂ ಇರಲಿಲ್ಲ. ದ್ರಾವಕವನ್ನು ಸುರಿದ ಕಾರ್ಮಿಕನು ಮೇಲಿನವರ ಮಾತಿನಂತೆ ನಡೆದನು; ಮೇಲಿನವರು ವಾಡಿಕೆಯಂತೆ ನಡೆದರು; ಅಧಿಕಾರಿಗಳು ನಿಯಮದಂತೆ ಪರೀಕ್ಷಿಸಿದರು. ದ್ವೇಷವಿಲ್ಲದೆಯೂ ಹಿಂಸೆ ನಡೆಯಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಅದಕ್ಕೆ ಪ್ರಮಾದವೊಂದೇ ಸಾಕು. ತನ್ನ ಕೈಯಿಂದ ಬಿಟ್ಟ ವಸ್ತು ಎಲ್ಲಿಗೆ ಹೋಗುತ್ತದೆಂದು ವಿಚಾರಿಸದಿರುವುದೇ ಆ ಪ್ರಮಾದ. ಅರಿಯದೆ ಮಾಡಿದುದು ಒಂದು ಬಗೆ. ಅರಿಯುವ ದಾರಿ ಇದ್ದೂ ಅರಿಯಲು ಮನಸ್ಸು ಮಾಡದಿರುವುದು ಇನ್ನೊಂದು ಬಗೆ. 1949ರ ನಂತರ ಮೊದಲನೆಯ ನೆಪ ದುರ್ಬಲವಾಯಿತು. 1974ರ ನಂತರ ಅದು ಉಳಿಯಲೇ ಇಲ್ಲ.

ಇನ್ನೊಂದು ಪಾಠ ಸಾಕ್ಷ್ಯದ ಭಾರವನ್ನು ಕುರಿತದ್ದು. ಮಕ್ಕಳನ್ನು ಕಳೆದುಕೊಂಡವರೇ ಕಾರಣವನ್ನು ಸಿದ್ಧಪಡಿಸಬೇಕೆಂದು ನ್ಯಾಯಾಲಯ ಕೇಳಿತು. ಆದರೆ ಸಿದ್ಧಪಡಿಸಲು ಬೇಕಾದ ದಾಖಲೆಗಳನ್ನು ಇಡಬೇಕಾಗಿದ್ದವರು ಸುರಿದವರು ಮತ್ತು ಪರೀಕ್ಷಿಸಿದವರು. ಅವರು ಬರೆದಿಡಲಿಲ್ಲ, ಹುಡುಕಲಿಲ್ಲ. ಆ ಖಾಲಿ ಪುಟವೇ ಅವರ ಪರವಾದ ಸಾಕ್ಷಿಯಾಯಿತು. ಆನ್ ಆಂಡರ್ಸನ್ ಅವರ ಬಳಿ ಯಂತ್ರವಿರಲಿಲ್ಲ, ಪ್ರಯೋಗಾಲಯವಿರಲಿಲ್ಲ. ನೆರೆಮನೆಯ ಮಕ್ಕಳನ್ನು ಎಣಿಸಿ, ಅವರೆಲ್ಲರಿಗೂ ಸಮಾನವಾದುದೇನೆಂದು ಕೇಳುವ ವಿವೇಕ ಮಾತ್ರ ಇದ್ದಿತು. ಸರ್ಕಾರ ಆಕಸ್ಮಿಕವಾಗಿ ಮುಟ್ಟಿದ ಪ್ರಶ್ನೆಯನ್ನು ಆಕೆ ಅದಕ್ಕೂ ಮೊದಲೇ ಕೇಳಿದ್ದರು.

ಒಂದು ಲೀಟರ್ ದ್ರಾವಕವನ್ನು ನೆಲಕ್ಕೆ ಸುರಿಯಲು ಒಂದು ನಿಮಿಷ ಸಾಕು. ಅದು ಕೆಡಿಸಬಲ್ಲ 29 ಕೋಟಿ ಲೀಟರ್ ನೀರನ್ನು ತಿರುಗಿ ಶುದ್ಧಗೊಳಿಸಲು ಕ್ರೊಮೆಟೋಗ್ರಾಫ್, ಗಾಳಿಗೋಪುರ, ಇದ್ದಿಲು, ಕಬ್ಬಿಣ, ಸೂಕ್ಷ್ಮಜೀವಿಗಳು ಎಲ್ಲವೂ ಬೇಕಾದವು. ಒಂದು ತಲೆಮಾರಿನ ಕಾಲವೂ ಸಾಲಲಿಲ್ಲ. ಇಷ್ಟೆಲ್ಲ ಶ್ರಮದ ಬಳಿಕ ವಿಜ್ಞಾನವು ಕಂಡುಕೊಂಡ ಅತ್ಯುತ್ತಮ ಶುದ್ಧೀಕರಣ ವಿಧಾನವೆಂದರೆ ಸುರಿಯದಿರುವುದು. ಆ ವಿಧಾನಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಸುರಿಯಲೆಂದು ಪಾತ್ರೆಯನ್ನು ಬಾಗಿಸುವ ಮುನ್ನ ಕ್ಷಣಕಾಲ ನಿಂತು, ಇದು ಯಾರ ಬಾವಿಗೆ ಹೋಗುತ್ತದೆ ಎಂದು ಕೇಳಿಕೊಳ್ಳುವ ಎಚ್ಚರವಿದ್ದರೆ ಸಾಕು.